ಕಡೆಯ ನುಡಿಗೆ ಯಾರ ಹೆಸರು

೧

ಗೋವಾದ ಕಥೆ ಎಂದ ಮೇಲೆ ಸಮುದ್ರದಿಂದಲೇ ಶುರು ಮಾಡಬೇಕೇ? ಹಾಗೊಂದು ಕಾನೂನು ಇದ್ದಂತಿದೆ. ನಾನೂ ಮರ್ಯಾದಸ್ಥರ ಹಾಗೆ ಮೊದಲ ಡ್ರಾಫ್ಟಿನಲ್ಲಿ ಪುಟದ ತುಂಬ ಅಲೆ ಬರೆದೆ. ಅಲೆ ಬಂತು, ಅಲೆ ಹೋಯಿತು, ಮತ್ತೆ ಬಂತು. ಕಥೆ ಮಾತ್ರ ಬರಲಿಲ್ಲ. ಹರಿದು ಹಾಕಿದೆ.

೧ (ಇನ್ನೊಮ್ಮೆ)

ಹಾಗಾದರೆ ಗಿಟಾರಿನಿಂದ ಶುರು ಮಾಡೋಣ. ಕಲಂಗುಟ್‌ನಲ್ಲಿ ಬೀಚಿಗೆ ಬೆನ್ನು ಹಾಕಿದ ಒಂದು ಓಣಿ, ಓಣಿಯಲ್ಲಿ ಒಂದು ಸಣ್ಣ ಬಾರ್. ಹೆಸರು ‘ದೋನ್ ಪಾವ್ಲಾಂ’, ಕೊಂಕಣಿಯಲ್ಲಿ ಎರಡು ಹೆಜ್ಜೆ ಎಂದರ್ಥ. ಬಾಗಿಲಲ್ಲಿ ಎರಡು ಮೆಟ್ಟಿಲಿವೆ. ಹೆಸರಿಗೆ ಇದಕ್ಕಿಂತ ಆಳವಾದ ಕಾರಣ ಇರಬಹುದೆಂದು ಹುಡುಕಿ ನಾನು ಸೋತಿದ್ದೇನೆ. ಭಾನುವಾರ ಸಂಜೆ ಅಲ್ಲಿ ಓಪನ್ ಮೈಕ್. ಯಾರು ಬೇಕಾದರೂ ಬಂದು ಹಾಡಬಹುದು, ಕವಿತೆ ಓದಬಹುದು, ಜೋಕು ಹೇಳಿ ಯಾರೂ ನಗದಿದ್ದರೆ ತಾವೇ ನಗಬಹುದು. ಷರತ್ತು ಒಂದೇ: ಹೇಳುವುದು ಹೇಳುವವರ ಸ್ವಂತದ್ದಾಗಿರಬೇಕು.

ಅಲ್ಲಿಗೆ ನಾನೊಬ್ಬ ಗಿಟಾರಿಸ್ಟನನ್ನು ತಂದು ಕೂರಿಸಿದೆ. ಜುಟ್ಟು, ಬೆಳ್ಳಿ ಉಂಗುರ, ಎದೆಯಲ್ಲೊಂದು ಹಳೆಯ ಪ್ರೇಮ. ಅವನು ಬಾಯಿ ತೆರೆದು ತನ್ನ ಏಕಾಂತದ ಬಗ್ಗೆ ಶುರು ಹಚ್ಚಿಕೊಂಡ. ಪುಟ ತಿರುಗಿಸಿದರೂ ಏಕಾಂತ ಮುಗಿಯಲಿಲ್ಲ. ನನಗೇ ಆಕಳಿಕೆ ಬಂತು. ಅಷ್ಟರಲ್ಲಿ ಹಿಂದಿನ ಅಡುಗೆಮನೆಯಿಂದ, ಎಣ್ಣೆಯಲ್ಲಿ ಬಾಂಗಡೆ ಬಿದ್ದ ಚುರ್ ಸದ್ದಿನ ಜೊತೆ ಒಂದು ಹೆಂಗಸಿನ ದನಿ ಬಂತು:

ಕಡಲ ಅಂತೈತಿ, ನಾನೇ ಹಿರಿಯ, ನನಗ ದಂಡಿ ಇಲ್ಲ
ಕೊಡಾ ಅಂತೈತಿ, ನಿನ್ನ ನೀರ ಬಾಯಿಗಿ ಹತ್ತೂದಿಲ್ಲ

ಗಿಟಾರಿಸ್ಟನೂ ತಿರುಗಿ ನೋಡಿದ, ನಾನೂ ನೋಡಿದೆ. ಆಮೇಲೆ ಅವನ ಕಡೆ ತಿರುಗಲು ನನಗೆ ನೆನಪಾಗಲಿಲ್ಲ. (ಪಾಪ, ಅವನಿನ್ನೂ ಅದೇ ಸ್ಟೂಲಿನ ಮೇಲೆ ಕೂತಿದ್ದಾನೆ. ಕಥೆ ಮುಗಿಯುವವರೆಗೆ ಅಲ್ಲೇ ಇರುತ್ತಾನೆ. ನೀವು ಅವನನ್ನು ಮಾತಾಡಿಸಬೇಡಿ, ಮತ್ತೆ ಶುರು ಮಾಡುತ್ತಾನೆ.)

೨

ಹಾಡುತ್ತಿದ್ದವಳು ಸಕೀನಾ. ನಲವತ್ತು ದಾಟಿದವಳು. ದೋನ್ ಪಾವ್ಲಾಂನ ಅಡುಗೆಮನೆ ಅವಳದು. ಬಾಟಲಿ ಮುಟ್ಟುವುದಿಲ್ಲ, ಗ್ಲಾಸೂ ತೊಳೆಯುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಬಾರಿನ ಒಡತಿ ಲೂರ್ಡೀನಾ, ‘ಮೀನು ಮುಟ್ಟುತ್ತೀಯಲ್ಲ, ಸಾಕು’ ಎಂದಿದ್ದಳು. ಅಂದಿನಿಂದ ಗ್ಲಾಸನ್ನು ಲೂರ್ಡೀನಾ ತಾನೇ ತೊಳೆಯುತ್ತಾಳೆ. ಇಬ್ಬರ ನಡುವೆ ಇದಕ್ಕಿಂತ ದೊಡ್ಡ ಒಪ್ಪಂದ ಬೇಕಾಗಿಲ್ಲ.

ಸಕೀನಾಳ ಅಪ್ಪ ಇಂಡಿ ಕಡೆಯವನು. ಗೋವಾದ ಉಸಗಾಂವದ ಗಣಿಗೆ ದುಡಿಯಲು ಬಂದು ಅಲ್ಲೇ ನಿಂತ. ಗಣಿಯ ತಗಡಿನ ಚಾಳಿನಲ್ಲಿ ಅವಳು ಬೆಳೆದಳು. ಅದೇ ಚಾಳಿನಲ್ಲಿ ಕಂಠೆಪ್ಪ ಇದ್ದ. ಹಗಲು ಲಾರಿಗೆ ಅದಿರು ತುಂಬುವುದು, ಸಂಜೆ ದಪ್ಪು ಬಡಿದು ಗೀಗೀ ಪದ ಹೇಳುವುದು. ಚಾಳಿನ ಮಕ್ಕಳೆಲ್ಲ ಸುತ್ತ ಕೂತು ಕಲಿತವು. ದೊಡ್ಡವಾದ ಮೇಲೆ ಎಲ್ಲ ಮರೆತವು. ಸಕೀನಾ ಒಬ್ಬಳು ಮರೆಯಲಿಲ್ಲ. ಮರೆಯದಿದ್ದುದಷ್ಟೇ ಅಲ್ಲ, ತಾನೇ ಪದ ಕಟ್ಟತೊಡಗಿದಳು.

ಈ ಪದಗಳಿಗೆ ಒಂದು ರೂಢಿ ಇದೆ, ಅದನ್ನು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಕಡೆಯ ನುಡಿಯಲ್ಲಿ ಊರಿನ ಹೆಸರು ಬರಬೇಕು, ಗುರುವಿನ ಹೆಸರು ಬರಬೇಕು. ಶಿಷ್ಯೆ ತಾನೇ ಕಟ್ಟಿದ್ದರೂ ಗುರು ಕಟ್ಟಿದ ಪದ ಎಂದೇ ಹಾಡಬೇಕು. ಮುಂದೊಂದು ದಿನ ಗುರು ನಾಲ್ಕು ಜನರ ಮುಂದೆ ಪದವನ್ನು ಬಿಟ್ಟುಕೊಟ್ಟರೆ, ಅಂದಿನಿಂದ ಶಿಷ್ಯೆ ತನ್ನ ಹೆಸರು ಹಾಕಬಹುದು. ಕೇಳುವ ಪದ್ಧತಿ ಇಲ್ಲ. ಕೇಳಿದರೆ ಕೊಡುವ ಪದ್ಧತಿಯೂ ಇಲ್ಲ.

ಕಂಠೆಪ್ಪ ಕೊಟ್ಟಿರಲಿಲ್ಲ. ಹೀಗಾಗಿ ಸಕೀನಾ ಕಟ್ಟಿದ ಪದಗಳೆಲ್ಲ ಕಂಠೆಪ್ಪನ ಹೆಸರಿನಲ್ಲೇ ಉಸಗಾಂವದಿಂದ ಕುಡಚಡೆಯವರೆಗೆ ಓಡಾಡಿದವು. ‘ಮುದುಕ ಈ ವಯಸ್ಸಿನಾಗೂ ಎಂಥಾ ಪದ ಕಟ್ಟತಾನ ನೋಡ್ರಿ’ ಎಂದು ಲಾರಿ ಡ್ರೈವರುಗಳು ಅವಳ ಎದುರಿಗೇ ಹೊಗಳುತ್ತಿದ್ದರು. ಅವಳು ‘ಹೌದ್ರಿ’ ಎನ್ನುತ್ತಿದ್ದಳು. ಅವಳಿಗೆ ಬೇಜಾರೇನೂ ಇರಲಿಲ್ಲ.

(ಬೇಜಾರು ಇತ್ತು. ಸ್ವಲ್ಪ ಇತ್ತು. ಒಂದು ಮಧ್ಯಾಹ್ನ ಬಾಂಗಡೆಗೆ ರವೆ ಹಚ್ಚುತ್ತ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಕಂಠೆಪ್ಪ ಇರುವ ಜಾಗದಲ್ಲಿ ಸಕೀನಾ ಎಂದು ಹಾಕಿ ಮೆಲ್ಲಗೆ ಹಾಡಿ ನೋಡಿದಳು. ತಾಳಕ್ಕೆ ಸರಿಯಾಗಿ ಕೂತಿತು. ಯಾರದೋ ಹೊಸ ಬಳೆ ಹಾಕಿಕೊಂಡವಳಂತೆ ಗಾಬರಿಯಾಗಿ ಅಲ್ಲಿಗೇ ನಿಲ್ಲಿಸಿದಳು. ನಾನು ಕೇಳಿಸಿಕೊಂಡೆ. ಬರೆಯುವವರು ಇಂಥ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಇರುತ್ತಾರೆ, ಬೇರೆ ಉದ್ಯೋಗವಿಲ್ಲ ನೋಡಿ.)

ಈ ಜಾಗದಲ್ಲಿ ಸಕೀನಾ ಕಥೆಯೊಳಗಿನಿಂದ ತಲೆ ಹೊರಗೆ ಹಾಕಿ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಅದನ್ಯಾಕ ಬರದ್ರಿ? ಆ ಮಾತ ಯಾರಿಗೂ ಹೇಳಿದ್ದಿಲ್ಲ ನಾ.”

“ಓದುವವರಿಗೆ ನಿನ್ನ ಆಸೆ ಏನೆಂದು ಗೊತ್ತಾಗಬೇಡವೇ?”

“ನನ್ನ ಆಸೆ ನಮ್ಮ ಮನಿಯವರಿಗೇ ಗೊತ್ತಿಲ್ಲ. ಓದೂ ಮಂದಿಗೆ ಯಾಕ್ರಿ? ಹೊಡದ ಹಾಕ್ರಿ ಅದನ್ನ.”

ಹೊಡೆದು ಹಾಕುತ್ತೇನೆ ಎಂದೆ. ಹಾಕಲಿಲ್ಲ. ನೀವು ಓದಿಯೂ ಓದದಂತೆ ಇರಿ.

೩

ಲೂರ್ಡೀನಾಗೆ ಕನ್ನಡ ಬರುವುದಿಲ್ಲ. ಆದರೆ ಅವಳ ಕಿವಿಗೆ ಹಾಡು ಬರುತ್ತದೆ. ಅಡುಗೆಮನೆಯ ಪರದೆ ಸರಿಸಿ ನಿಂತು ಕೇಳಿದಳು. (ಅವಳು ಮಾತಾಡುವುದು, ಸಕೀನಾ ಅವಳಿಗೆ ಉತ್ತರಿಸುವುದು, ಎಲ್ಲ ಅರ್ಧ ಕೊಂಕಣಿ, ಅರ್ಧ ಹಿಂದಿ. ಇಲ್ಲಿರುವ ಕನ್ನಡ ನನ್ನದು. ತಪ್ಪಿದ್ದರೆ ಅವಳನ್ನು ಬೈಯಬೇಡಿ.)

“ಅಗೋ ಸಕೀನಾ, ಯಾರದು ಈ ಹಾಡು?”

“ನಂದ ರೀ ಬಾಯ್.” (ಒಡತಿಯನ್ನು ಅವಳು ಕರೆಯುವುದು ‘ಬಾಯ್’ ಎಂದೇ.)

“ನಿನ್ನದೇ? ಒರಿಜಿನಲ್?”

“ಹೂಂ. ಕೊಡಾ, ಕಡಲ ಜಗಳ ಮಾಡ್ತಾವ. ಯಾರು ದೊಡ್ಡವರಂತ.”

“ಯಾರು ಗೆಲ್ಲುತ್ತಾರೆ?”

“ಕೊಡಾ.”

ಲೂರ್ಡೀನಾ ಅಲ್ಲೇ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಬಾರಿನ ಕರಿಹಲಗೆಯ ಮೇಲೆ ಬರುವ ಭಾನುವಾರದ ಹೆಸರುಗಳ ಕೆಳಗೆ ‘ಸಕೀನಾ, ಕಿಚನ್’ ಎಂದು ಬರೆದುಬಿಟ್ಟಳು. ಸಕೀನಾ ಬೇಡ ಬೇಡ ಎಂದಳು. ಮೂರನೇ ‘ಬೇಡ’ದ ಹೊತ್ತಿಗೆ ದನಿ ಮೆತ್ತಗಾಗಿತ್ತು. ಹಲಗೆಯ ಮೇಲೆ ತನ್ನ ಹೆಸರು ನೋಡುವುದು ಚೆನ್ನಾಗಿಯೇ ಇತ್ತು.

ತೊಡಕು ಬಂದದ್ದು ಪೂರ್ತಿ ಹಾಡಿ ಅರ್ಥ ಬಿಡಿಸಿ ಹೇಳುವಾಗ. ಕಡೆಯ ನುಡಿ ಹೀಗಿದೆ:

ಊರ ನಮ್ಮದು ಉಸಗಾಂವ ಅಂತ ಹೇಳಿರಿ ಕೇಳಿದವರಿಗಿ
ಗುರು ಕಂಠೆಪ್ಪ ಕಟ್ಟಿದ ಪದವಿದು ಶರಣ ಕೂತ ಸಭಿಗಿ

“ತಡಿ,” ಎಂದಳು ಲೂರ್ಡೀನಾ. “ಕಂಠೆಪ್ಪ ಯಾರು?”

“ನಮ್ಮ ಗುರುಗಳು.”

“ಹಾಗಾದರೆ ಹಾಡು ಅವನದು.”

“ಅಲ್ರಿ, ಹಾಡು ನಂದು. ಹೆಸರು ಅವರದು.”

“ಹಾಡು ನಿನ್ನದಾದರೆ ಅವನ ಹೆಸರು ಯಾಕೆ?”

“ಮತ್ತ ಯಾರದ ಹಾಕಬೇಕ್ರಿ?” ಎಂದಳು ಸಕೀನಾ. ಅವಳಿಗೆ ಖರೇನೇ ಅರ್ಥವಾಗಲಿಲ್ಲ. ಲೂರ್ಡೀನಾಗೂ ಆಗಲಿಲ್ಲ.

ಲೂರ್ಡೀನಾಳ ಬಿಗಿಗೂ ಕಾರಣವಿತ್ತು. ಹಿಂದಿನ ಸೀಸನ್ನಿನಲ್ಲಿ ಒಬ್ಬ ಮಹಾರಾಯ ಬೇರೆಯವನ ಹಾಡನ್ನು ತನ್ನದೆಂದು ಹಾಡಿದ. ಕಟ್ಟಿದವನು ಅದೇ ಬಾರಿನಲ್ಲಿ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಏಡಿ ತಿನ್ನುತ್ತಿದ್ದ. ಅವತ್ತು ಕುರ್ಚಿ ಮುರಿದವು, ಸಿಂಕು ಒಡೆಯಿತು. ಮರುದಿನ ಲೂರ್ಡೀನಾ ತನ್ನ ಅಪ್ಪನ ಹಳೆಯ ದೋಣಿಯ ಹಿತ್ತಾಳೆ ಗಂಟೆಯನ್ನು ತಂದು ಕೌಂಟರಿನ ಮೂಲೆಗೆ ತೂಗುಹಾಕಿದಳು. ‘ಹಾಡು ಹಾಡುವವನದಲ್ಲ ಎಂದು ಗೊತ್ತಿದ್ದವರು ಯಾರೇ ಆಗಲಿ ಗಂಟೆ ಹೊಡೆಯಿರಿ, ಹಾಡುವವನು ಇಳಿದು ಹೋಗಬೇಕು’ ಎಂದು ಸಾರಿದಳು.

“ಮೈಕಿನಲ್ಲಿ ಕಂಠೆಪ್ಪ ಕಟ್ಟಿದ್ದು ಅಂತ ನೀನೇ ಹೇಳಿದರೆ ನಾನೇ ಗಂಟೆ ಹೊಡೆಯಬೇಕಾಗುತ್ತದೆ. ನನ್ನ ಅಡುಗೆಯವಳು ಅಂತ ಬಿಟ್ಟರೆ ಜನ ಸುಮ್ಮನಿರುತ್ತಾರಾ?” ಎಂದಳು ಲೂರ್ಡೀನಾ. ಆಮೇಲೆ ತಾನೇ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ದಾರಿ ಹೇಳಿದಳು: “ಕೊನೆಯ ಸಾಲು ಬಿಟ್ಟುಬಿಡು.”

“ಕಡೇ ನುಡಿ ಬಿಟ್ಟರ ಪದಾ ಮುಗಿಯೂದಿಲ್ರಿ. ಮುಗೀಲಾರದ್ದನ್ನ ಸಭಾದಾಗ ಹೆಂಗ ಇಡೂದು?”

ಗಂಟೆ ಬಡಿಸಿಕೊಂಡು ಇಳಿಯಬೇಕು, ಇಲ್ಲವೇ ಗುರುವಿನ ಹೆಸರನ್ನು ಅಳಿಸಬೇಕು. ಸಕೀನಾ ಆ ವಾರವಿಡೀ ಬಾಂಗಡೆಗೆ ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹಾಕಿದಳು.

೪ (ರದ್ದು ಮಾಡಿದ್ದು, ಆದರೂ ಓದಿ)

ನನಗೊಂದು ಉಪಾಯ ಹೊಳೆಯಿತು. ಭಾನುವಾರಕ್ಕೆ ಮುಂಚೆ ಕಂಠೆಪ್ಪನನ್ನು ಸಾಯಿಸಿಬಿಟ್ಟರೆ? ಶಿಷ್ಯೆ ಕಣ್ಣೀರಿನಲ್ಲಿ ಗುರುವಿನ ಹೆಸರು ಹಾಡುತ್ತಾಳೆ, ಗಂಟೆಗೆ ಕೈಹಾಕಿದ ಲೂರ್ಡೀನಾ ಕೈ ಹಿಂದೆಗೆಯುತ್ತಾಳೆ, ಬಾರಿನಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ಬರೆದೆ. ಓದಿ ನಾನೇ ಮೆಚ್ಚಿಕೊಂಡೆ. ಬಹುಮಾನದ ವಾಸನೆಯೂ ಬಂತು, ಸುಳ್ಳು ಯಾಕೆ ಹೇಳಲಿ.

ಸಕೀನಾ ಹಿಟ್ಟಿನ ಕೈಯಲ್ಲೇ ಬಂದಳು.

“ನಿಮ್ಮ ಕತಿ ಚಲೋ ಆಗಲಿ ಅಂತ ನಮ್ಮ ಅಜ್ಜನ್ನ ಕಳೀತೀರೇನ್ರಿ?”

“ಕಥೆಗೆ ಒಂದು ಭಾರ ಬರುತ್ತದೆ ಸಕೀನಾ.”

“ಭಾರ ಬೇಕಂದ್ರ ಗ್ಯಾಸ್ ಸಿಲಿಂಡರ್ ಐತಿ, ಎತ್ತಿ ಒಳಗಿಡ್ರಿ.”

ಅಷ್ಟರಲ್ಲಿ ಉಸಗಾಂವದಿಂದ ಕಂಠೆಪ್ಪನೂ ಕೂಗಿದ. ಅದಿರು ಪುಡಿ ಮಾಡುವ ಯಂತ್ರದ ಪಕ್ಕ ದುಡಿದು ಅವನ ಎಡಗಿವಿ ಮುಚ್ಚಿಹೋಗಿದೆ. ಅದಕ್ಕೇ ಮಾತೆಲ್ಲ ಕೂಗಿದಂತೆಯೇ ಇರುತ್ತದೆ. “ಏ ಬರಿಯಾವರ! ಇನ್ನ ಊಟ ಆಗಿಲ್ಲ ನಂದು. ಉಂಡ ಮ್ಯಾಲ ನೋಡೋಣು ಸಾಯೂದು.”

ಇಬ್ಬರನ್ನೂ ಎದುರು ಹಾಕಿಕೊಂಡು ಯಾರಿಗೆ ಬಾಳುವೆ ಉಂಟು? ಬದುಕಿಸಿದೆ. ಆದರೆ ಒಂದು ಮಾತಿನಲ್ಲಿ ನಾನು ಸೋಲಲಿಲ್ಲ. ಭಾನುವಾರ ಮಳೆ ಬೇಕೆಂದು ಹಟ ಹಿಡಿದೆ. “ಮಳಿ ಬ್ಯಾಡ್ರಿ, ಮಂದಿ ಬರಂಗಿಲ್ಲ” ಎಂದಳು ಸಕೀನಾ. ಕೇಳಲಿಲ್ಲ. ಸೆಪ್ಟೆಂಬರಿನ ಕಡೆಯ ಮಳೆ ಸುರಿಸಿದೆ. ಆಮೇಲೆ ನೋಡಿದರೆ ಬಂದಿದ್ದವರೆಲ್ಲ ಮಳೆಗೆ ಹೆದರಿ ಎದ್ದು ಹೋಗದೆ ಕೂತರು. ಇದನ್ನು ಅವಳು ಇವತ್ತಿಗೂ ಒಪ್ಪುವುದಿಲ್ಲ.

೫

ಭಾನುವಾರ. ಬಿಸಿಲೂ ಇತ್ತು, ಮಳೆಯೂ ಇತ್ತು.

ಸಕೀನಾಳ ಗಂಡ ಶಫೀಸಾಬನ ಟೆಂಪೋ ಬಂದು ನಿಂತಿತು. ಕಲಂಗುಟ್‌ನ ಹೋಟೆಲುಗಳಿಗೆಲ್ಲ ಐಸು, ಮೀನು ಸಾಗಿಸುವವನು ಅವನೇ. ಹೆಂಡತಿ ಹಾಡುತ್ತಾಳೆಂದು ವಾರದಿಂದ ಹೋದಲ್ಲೆಲ್ಲ ಐಸಿನ ಜೊತೆ ಸುದ್ದಿಯನ್ನೂ ಇಳಿಸಿ ಬಂದಿದ್ದ. ಇವತ್ತು ಅವನ ಪಕ್ಕದ ಸೀಟಿನಲ್ಲಿ, ಬಿಳಿ ಟೋಪಿ ಹಾಕಿಕೊಂಡು, ಮಡಿಲಲ್ಲಿ ದಪ್ಪು ಇಟ್ಟುಕೊಂಡು ಕಂಠೆಪ್ಪ ಕೂತಿದ್ದ.

ಸಕೀನಾ ಪರದೆಯ ಸಂದಿನಿಂದ ನೋಡಿ ಹಣೆ ಬಡಿದುಕೊಂಡಳು. ಗಂಡ ಕರೆತರುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

“ಯಾಕ ಕರಕೊಂಡ ಬಂದ್ರಿ?” ಎಂದು ಅಡುಗೆಮನೆಗೆ ಬಂದ ಗಂಡನ ತೋಳು ಹಿಡಿದು ಕೇಳಿದಳು.

“ಶಿಷ್ಯಾ ಹಾಡತಾಳಂದ್ರ ಗುರು ಬ್ಯಾಡೇನು?”

“ಅಜ್ಜನ ಹೆಸರ ಹೇಳಿದ ಮ್ಯಾಲ ಬಾಯ್ ಗಂಟಿ ಬಡೀತಾಳ. ಅಜ್ಜನ ಮುಂದನ ಮಂದಿ ನನ್ನ ಕಳ್ಳಿ ಅಂತಾರ. ಹೇಳಲಿಲ್ಲಂದ್ರ ಅಜ್ಜ ಏನ ಅಂತಾನ?”

ಶಫೀಸಾಬ ಇಷ್ಟು ದೂರ ಯೋಚಿಸಿರಲಿಲ್ಲ. ಅವನ ಯೋಚನೆ ಸಾಮಾನ್ಯವಾಗಿ ಟೆಂಪೋ ನಿಂತ ಜಾಗಕ್ಕೇ ನಿಲ್ಲುತ್ತದೆ. “ಅಲ್ಲಾ ನೋಡಕೋತಾನ, ಬಾಂಗಡಿ ಸೀದಾಕತ್ತೈತಿ ನೋಡು” ಎಂದು ಹೊರಗೆ ಹೋದ.

ಕಂಠೆಪ್ಪನನ್ನು ಕೌಂಟರಿನ ಮೂಲೆಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿದರು. ಅಲ್ಲಿ ಕೂತರೆ ಬಲಗಿವಿ ಮೈಕಿನ ಕಡೆಗೆ ಬರುತ್ತದೆ ಎಂದು ಅವನೇ ಆರಿಸಿಕೊಂಡದ್ದು. ಲೂರ್ಡೀನಾ ಕೋಕಂ ಸೋಡಾ ಕೊಟ್ಟಳು. ಒಂದು ಗುಟುಕು ಕುಡಿದು, ಮುಖ ಕಿವುಚಿ, ಇನ್ನೊಂದು ಗುಟುಕು ಕುಡಿದು, ಪಕ್ಕದಲ್ಲಿ ತೂಗುತ್ತಿದ್ದ ಗಂಟೆಯನ್ನು ಮುಟ್ಟಿ ನೋಡಿದ.

“ಇಲ್ಲಿ ಗುಡೀ ಗಂಟಿ ಯಾಕ ಕಟ್ಯಾರೋ ಶಫೀ?”

“ಗುಡೀದಲ್ರಿ ಅಜ್ಜಾ. ಹಾಡು ಹಾಡಾವರದಲ್ಲ, ಬ್ಯಾರೇದವರದು ಅಂತಂದ್ರ ಹೊಡೀತಾರ.”

“ಯಾರು ಹೊಡೀಬೇಕು?”

“ಯಾರಿಗಿ ಗೊತ್ತೈತಿ ಅವರು.”

“ಚಲೋ ಐತಿ,” ಎಂದ ಕಂಠೆಪ್ಪ. ಮತ್ತೆ ಸೋಡಾ ಕುಡಿದ.

ಅಂದು ಮೊದಲು ಒಬ್ಬಳು ಹುಡುಗಿ ತನ್ನ ಬೆಕ್ಕಿನ ಬಗ್ಗೆ ಇಂಗ್ಲಿಷ್ ಕವಿತೆ ಓದಿದಳು. ಒಬ್ಬ ವಯಸ್ಸಾದ ಬ್ಯಾಂಕ್ ಗುಮಾಸ್ತ ಕೊಂಕಣಿಯಲ್ಲಿ ಒಂದು ಹಾಡು ಹಾಡಿದ, ಅದರಲ್ಲಿ ಅವನ ಅತ್ತೆ ಬಹಳ ಸಲ ಬಂದಳು. ಗಂಟೆ ಯಾರಿಗೂ ಬೀಳಲಿಲ್ಲ. (ಗಿಟಾರಿಸ್ಟ್ ಕೈ ಎತ್ತಿದ. ನಾನು ನೋಡದಂತೆ ಇದ್ದೆ.) ಆಮೇಲೆ ಲೂರ್ಡೀನಾ ಮೈಕಿನಲ್ಲಿ ಹೇಳಿದಳು: “ನಮ್ಮ ಕಿಚನ್ನಿನಿಂದ, ಸಕೀನಾ.”

೬

ಸಕೀನಾ ಕೈ ತೊಳೆದು, ಸೆರಗು ತಲೆಗೆಳೆದು ಬಂದಳು. ಕೈಯಿಂದ ಮೀನಿನ ವಾಸನೆ ಹೋಗಿರಲಿಲ್ಲ. ಮೈಕನ್ನು ಯಾರೋ ಎತ್ತರಕ್ಕೆ ಇಟ್ಟಿದ್ದರು, ಶಫೀಸಾಬ ಓಡಿಬಂದು ತಗ್ಗಿಸಿದ. ತಗ್ಗಿಸಿ ಅಲ್ಲೇ ನಿಂತ. ಅವಳು ಕಣ್ಣು ಕೆಕ್ಕರಿಸಿದ ಮೇಲೆ ಹೋದ.

ಅವಳು ಕಂಠೆಪ್ಪನ ಕಡೆ ನೋಡಲಿಲ್ಲ. ಗಂಟೆಯ ಕಡೆಯೂ ನೋಡಲಿಲ್ಲ. ಎರಡೂ ಒಂದೇ ಮೂಲೆಯಲ್ಲಿದ್ದವು. ಮಳೆ ಬೀಳುತ್ತಿದ್ದ ಬಾಗಿಲನ್ನು ನೋಡುತ್ತ ಶುರು ಮಾಡಿದಳು. ಮೊದಲ ಸಾಲಿಗೆ ತಾಳ ತಪ್ಪಿತು. ಎರಡನೆಯದಕ್ಕೆ ಮೂಲೆಯಿಂದ ದಪ್ಪು ಸೇರಿಕೊಂಡಿತು. ಕಂಠೆಪ್ಪ ಕೂತಲ್ಲಿಂದಲೇ ಬಾರಿಸುತ್ತಿದ್ದ. ಅವಳ ಕಾಲಿಗೆ ನೆಲ ಸಿಕ್ಕಿತು.

ಹಡಗ ಹೊತ್ತೇನಿ, ಮೀನ ಸಾಕೇನಿ, ಅಂದಿತು ಕಡಲ
ಅಳೂ ಕೂಸಿಗಿ ಗುಟುಕ ನೀರ ಕೊಟ್ಟವರ್ಯಾರ ಮೊದಲ?

ಬಾರಿನಲ್ಲಿ ಕನ್ನಡ ಗೊತ್ತಿದ್ದವರು ಕೈಬೆರಳಲ್ಲಿ ಎಣಿಸುವಷ್ಟು. ಉಳಿದವರಿಗೆ ಜಗಳ ನಡೆದಿದೆ ಎಂಬುದು ಮಾತ್ರ ತಿಳಿಯಿತು. ಜಗಳಕ್ಕೆ ಯಾವ ಭಾಷೆ ಬೇಕು? ಅವಳು ಕಡಲಾದಾಗ ಎದೆ ಉಬ್ಬಿಸುತ್ತಿದ್ದಳು, ಕೊಡವಾದಾಗ ಸೊಂಟಕ್ಕೆ ಕೈಯಿಡುತ್ತಿದ್ದಳು. ಬ್ಯಾಂಕ್ ಗುಮಾಸ್ತ ಕೊಡದ ಪರವಾಗಿ ಮೇಜು ಕುಟ್ಟಿದ.

ಇಲ್ಲೊಂದು ಸಣ್ಣ ವಿಷಯ ಹೇಳಬೇಕು, ಮುಂದೆ ಬೇಕಾಗುತ್ತದೆ. ಗೀಗೀ ಪದಗಳಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಕಂಠೆಪ್ಪ ಹರದೇಶಿ. ಅವನ ಗುರುವೂ ಹರದೇಶಿ. ಸಕೀನಾ ಕಲಿತದ್ದೂ ಅದೇ, ಇಷ್ಟು ವರ್ಷ ಕಟ್ಟಿದ್ದೂ ಅದೇ. ಮೊದಲ ಸಲ ಈ ಪದದಲ್ಲಿ ಅವಳು ಪಕ್ಷ ಬದಲಿಸಿದ್ದಳು. ಕಡಲು ಗಂಡು, ಕೊಡ ಹೆಣ್ಣು. ಗೆಲ್ಲುವುದು ಕೊಡ. ಗುರುವಿಗೆ ಇದನ್ನು ಮುಂಚೆ ಹಾಡಿ ತೋರಿಸಿರಲಿಲ್ಲ.

ಪದ ಮುಂದೆ ಹೋದಂತೆ ದಪ್ಪಿನ ಪೆಟ್ಟು ಮೆಲ್ಲಗಾಯಿತು. ಸಕೀನಾ ಅದನ್ನು ಬೆನ್ನಿನಲ್ಲಿ ಕೇಳಿಸಿಕೊಂಡಳು. ಕೊಡ ಗೆದ್ದ ಸಾಲಿಗೆ ದಪ್ಪು ಪೂರ್ತಿ ನಿಂತಿತು.

ಇನ್ನು ಕಡೆಯ ನುಡಿ.

೭

(ಸ್ವಲ್ಪ ನಿಲ್ಲಿ. ಹಾಡುವವಳನ್ನು ಬಾಯಿ ತೆರೆದಲ್ಲೇ ನಿಲ್ಲಿಸಿದ್ದೇನೆ, ಅವಳು ನನ್ನನ್ನು ಶಪಿಸುತ್ತಿದ್ದಾಳೆ. ಆದರೂ ನಿಲ್ಲಿ. ಇಲ್ಲಿ ನನ್ನ ಬಳಿ ಮೂರು ಮುಕ್ತಾಯಗಳಿವೆ.

ಅ) ಸಕೀನಾ ತಲೆಯೆತ್ತಿ ತನ್ನ ಹೆಸರು ಹಾಕುತ್ತಾಳೆ. ಸಭೆ ಎದ್ದು ನಿಂತು ಚಪ್ಪಾಳೆ. ನನಗೆ ಬಹಳ ಇಷ್ಟ. “ಅಜ್ಜನ್ನ ಮುಂದ ಕುಂದರಿಸಿಕೊಂಡು? ಅದು ಹಾಡಲ್ರಿ, ಕಪಾಳಕ್ಕ ಹೊಡದಂಗ” ಎಂದಳು ಸಕೀನಾ. ಹೋಯಿತು.

ಆ) ಗುರುವಿನ ಹೆಸರು ಹಾಡುತ್ತಾಳೆ, ಲೂರ್ಡೀನಾ ಗಂಟೆ ಹೊಡೆಯುತ್ತಾಳೆ, ಸಕೀನಾ ಮೌನವಾಗಿ ಅಡುಗೆಮನೆಗೆ ಮರಳುತ್ತಾಳೆ, ಎಣ್ಣೆ ಚುರ್ ಎನ್ನುತ್ತದೆ. ದುಃಖಾಂತ. “ದುಃಖ ಅಂದ್ರ ಬಾಂಗಡಿ ಸೀದದ್ದೇನ್ರಿ?” ಎಂದ ಶಫೀಸಾಬ. ಹೋಯಿತು.

ಇ) ಇಡೀ ಬಾರು ಎದ್ದು ‘ಗೀಯ ಗೀಯ’ ಎಂದು ಹಿಮ್ಮೇಳ ಹಾಡುತ್ತದೆ, ಯಾರ ಹೆಸರೂ ಕೇಳಿಸುವುದಿಲ್ಲ. ಇದನ್ನು ಗಿಟಾರಿಸ್ಟ್ ಸೂಚಿಸಿದ. ಅಷ್ಟೇ ಸಾಕು ಬಿಡಲಿಕ್ಕೆ.

ಬರೆಯುವವರು ಏರಿಗೆ, ಪಾತ್ರಗಳು ನೀರಿಗೆ. ಮೂರನ್ನೂ ಬಿಟ್ಟು ಪೆನ್ನು ಕೆಳಗಿಟ್ಟೆ. ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ.)

ಸಕೀನಾ ಊರಿನ ಸಾಲು ಹಾಡಿದಳು: ಊರ ನಮ್ಮದು ಉಸಗಾಂವ ಅಂತ ಹೇಳಿರಿ ಕೇಳಿದವರಿಗಿ. ಅಲ್ಲಿಯವರೆಗೆ ಬಾಗಿಲು ನೋಡುತ್ತಿದ್ದವಳು ಈಗ ತಿರುಗಿ ಕಂಠೆಪ್ಪನನ್ನು ನೋಡಿದಳು. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಗಂಟೆ ಬಿದ್ದರೆ ಬೀಳಲಿ ಎಂದುಕೊಂಡಳು. ಕಳ್ಳಿ ಎಂದರೆ ಅನ್ನಲಿ. ಈ ಬಾಯಿಗೆ ಅಕ್ಷರ ಕೊಟ್ಟವನ ಹೆಸರನ್ನು ಈ ಬಾಯಿ ನುಂಗಲಾರದು.

“ಗುರು ಕಂಠೆಪ್ಪ ಕಟ್ಟಿದ ಪದವಿದು...”

ಟಣ್!

ಎಲ್ಲರೂ ಲೂರ್ಡೀನಾಳನ್ನು ನೋಡಿದರು. ಲೂರ್ಡೀನಾಳ ಎರಡೂ ಕೈಯಲ್ಲಿ ಟ್ರೇ ಇತ್ತು. ಅವಳೂ ತಿರುಗಿ ನೋಡಿದಳು.

ಗಂಟೆಯ ಹಗ್ಗ ಕಂಠೆಪ್ಪನ ಕೈಯಲ್ಲಿತ್ತು. ಸ್ಟೂಲಿನಿಂದ ಇಳಿದು ನಿಂತಿದ್ದ. ಸಾಲದೆಂಬಂತೆ ಇನ್ನೊಮ್ಮೆ ಎಳೆದ. ಟಣ್!

“ಈ ಪದಾ ನಂದಲ್ಲ!” ಎಂದು ಕೂಗಿದ. ಮೈಕ್ ಬೇಕಾಗಲಿಲ್ಲ.

ಸಕೀನಾ ಮೈಕಿನ ಕಂಬ ಹಿಡಿದು ನಿಂತಳು.

“ನಾ ಹರದೇಶಿಯಾವ,” ಎಂದ ಕಂಠೆಪ್ಪ, ಎಲ್ಲರಿಗೂ ನ್ಯಾಯ ಒಪ್ಪಿಸುವವನಂತೆ. “ನಮ್ಮ ಗುರುವಿನ ಆಣಿ, ಈ ಜನ್ಮದಾಗ ನಾ ಕೊಡಾ ಗೆಲಸಾಂವಲ್ಲ. ಇಕಿ ಗೆಲಸ್ಯಾಳ. ಕಡಲ್ನ ಬಾಯಿ ಮುಚ್ಚಿಸ್ಯಾಳ. ನಾ ಇಷ್ಟೊತ್ತು ಕೂತು ಕಡಲಿನ ಪರವಾಗಿ ಏನರ ಉತ್ತರ ಕೊಡಬೇಕಂತ ವಿಚಾರ ಮಾಡಿದೆ. ಸಿಗಲಿಲ್ಲ. ನನಗ ಉತ್ತರ ಸಿಗಲಾರದ ಪದಾ ನನ್ನದು ಹೆಂಗ ಆಕ್ಕೈತಿ? ಕಟ್ಟಿದವರ ಹೆಸರ ಹಾಕಿ ಹಾಡಂತ ಹೇಳ್ರಿ ಆಕಿಗೆ!”

ಹೇಳಿ ಮತ್ತೆ ಸ್ಟೂಲು ಹತ್ತಲು ನೋಡಿದ. ಆಗಲಿಲ್ಲ. ಶಫೀಸಾಬ ಎತ್ತಿ ಕೂರಿಸಿದ. ಕೂತವನು ಕಣ್ಣು ಒರೆಸಿಕೊಂಡು, ಲೂರ್ಡೀನಾಗೆ ಖಾಲಿ ಗ್ಲಾಸು ತೋರಿಸಿ ಇನ್ನೊಂದು ಕೋಕಂ ಸೋಡಾ ಎಂದು ಸನ್ನೆ ಮಾಡಿದ.

ಸಕೀನಾಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಷ್ಟು ಜನರೆದುರು ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ನಾಲ್ಕು ಜನರ ಮುಂದೆ ಬಿಟ್ಟುಕೊಡಬೇಕೆಂಬುದು ರೂಢಿ. ಇಲ್ಲಿ ಬಾರು ತುಂಬ ಜನರಿದ್ದರು. ಅವಳಿಗೆ ಖುಷಿಯಾಯಿತು. ಎಷ್ಟು ಎಂದರೆ, ಬಾಣಲೆಯ ಕೆಳಗೆ ಒಲೆ ಉರಿಯುತ್ತಲೇ ಇದೆ ಎಂಬುದನ್ನು ಮರೆಯುವಷ್ಟು.

ಲೂರ್ಡೀನಾಗೆ ಶಫೀಸಾಬ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದ. ಅವಳು ಟ್ರೇ ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟಳು.

“ಗಂಟೆ ಬಿದ್ದರೆ ಹಾಡುವವರು ಇಳಿಯಬೇಕು. ಅದು ರೂಲ್,” ಎಂದಳು. “ಆದರೆ ಈ ಮುದುಕ ಹಾಡು ಹಾಡಿದವಳದೇ ಎಂದು ಗಂಟೆ ಹೊಡೆದಿದ್ದಾನೆ. ಅ ರಾಮಾ, ಇದಕ್ಕೆ ರೂಲ್ ಎಲ್ಲಿಂದ ತರಲಿ? ಸಕೀನಾ, ಆ ಸಾಲು ಮತ್ತೆ ಹಾಡು.”

(ಕ್ರಿಸ್ತುವ ಹೆಂಗಸು ರಾಮನನ್ನು ಕರೆಯುತ್ತಾಳೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಆ ಹೊತ್ತಿಗೆ ಯಾರು ಹತ್ತಿರವಿದ್ದರೋ ಅವರನ್ನು ಕರೆದೆ” ಎಂದಳು.)

ಸಕೀನಾ ಮೂಗು ಒರೆಸಿಕೊಂಡಳು, ಮೈಕಿಗೆ ಬಾಯಿ ಹಚ್ಚಿದಳು, ಕಡೆಯ ಸಾಲನ್ನು ಪೂರ್ತಿಯಾಗಿ ಹಾಡಿದಳು.

೮

ಯಾರ ಹೆಸರು ಹಾಕಿದಳು?

ಲೂರ್ಡೀನಾಳನ್ನು ಕೇಳಿ: ತನಗೆ ಕನ್ನಡ ಬರುವುದಿಲ್ಲ, ದನಿ ಮಾತ್ರ ಬೆಣ್ಣೆಯ ಹಾಗಿತ್ತು ಎನ್ನುತ್ತಾಳೆ. ಶಫೀಸಾಬನನ್ನು ಕೇಳಿ: “ಆಕಿ ತನ್ನ ಹೆಸರ ಹಾಕಿದಳ್ರಿ, ನನ್ನ ಹೆಸರೂ ಹಾಕಿದ್ಲು” ಎನ್ನುತ್ತಾನೆ. ಅವನ ಮಾತನ್ನು ಎಷ್ಟು ನಂಬಬೇಕು ಎಂದು ನಿಮಗೆ ಈಗ ಗೊತ್ತಿದೆ. ಕಂಠೆಪ್ಪನನ್ನು ಕೇಳಿದೆ. ಗಂಟೆ ಅವನ ಬಲಗಿವಿಯ ಪಕ್ಕದಲ್ಲೇ ಇತ್ತಲ್ಲ, ಎರಡು ಸಲ ಹೊಡೆದ ಮೇಲೆ ಕಿವಿಯಲ್ಲಿ ಗುಂಯ್ ಎಂಬುದು ಬಿಟ್ಟರೆ ಬೇರೇನೂ ಕೇಳಲಿಲ್ಲವಂತೆ.

“ಹಾಗಾದರೆ ನಿಮಗೆ ಗೊತ್ತೇ ಆಗಲಿಲ್ಲವಲ್ಲ ಅಜ್ಜಾ!”

“ಬಿಟ್ಟಕೊಟ್ಟ ಮ್ಯಾಲ ಏನ ತಿಳಕೊಳ್ಳೂದೈತಿ? ಆಕಿ ಪದಾ, ಆಕಿ ಹೆಸರ. ಬೇಕಾದ್ದ ಹಾಕಲಿ,” ಎಂದ. ಆಮೇಲೆ, “ಕಡಲಿಗೆ ಒಂದು ಉತ್ತರ ಹೊಳದೈತಿ. ಮುಂದಿನ ಐತವಾರ ಬರ್ತೇನಿ ಅಂತ ಆ ಬಾರಿನ ಬಾಯ್‌ಗೆ ಹೇಳು. ಹಲಗಿ ಮ್ಯಾಲ ನನ್ನ ಹೆಸರ ಬರೀಲಿ” ಎಂದ.

ನನಗೆ ಕೇಳಿಸಿತು. ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಹೇಳುವುದಿಲ್ಲ. ಒಮ್ಮೆ ಅವಳ ಆಸೆಯನ್ನು ಬೀದಿಗಿಟ್ಟು ಬೈಸಿಕೊಂಡಿದ್ದೇನೆ, ಅದೇ ಸಾಕು.

ಮಳೆ ನಿಂತಿತು. ಅಡುಗೆಮನೆಯಲ್ಲಿ ಬಾಂಗಡೆ ನಿಜವಾಗಿಯೂ ಸೀದುಹೋಗಿತ್ತು. ಸಕೀನಾ ಹೊಸದಾಗಿ ಎಣ್ಣೆ ಇಟ್ಟು ಎಲ್ಲರಿಗೂ ಮತ್ತೆ ಕರಿದಳು. ಗಿಟಾರಿಸ್ಟನಿಗೂ ಒಂದು ತಟ್ಟೆ ಹೋಯಿತು. ತಿನ್ನುತ್ತ ಅವನು ಏಕಾಂತವನ್ನು ಮರೆತ ಹಾಗೆ ಕಂಡ. ಬಾರಿನ ಗೋಡೆಗೆ ಸಂಜೆಯ ಬಿಸಿಲು ಬಿತ್ತು. ಎಲ್ಲ ಚೆನ್ನಾಗಿತ್ತು. ಇನ್ನು ಕಥೆಯ ಕೊನೆಗೆ ಗೆರೆ ಎಳೆದು, ರೂಢಿಯ ಹಾಗೆ ಬರೆದವರ ಹೆಸರು ಹಾಕಿಬಿಡೋಣ ಎಂದು ಪೆನ್ನು ಎತ್ತಿದೆ.

“ಏನ ಬರಿಯಾಕತ್ತೀರಿ?” ಸಕೀನಾ ತಟ್ಟೆ ಇಡುತ್ತ ಇಣುಕಿದಳು.

“ಹೆಸರು.”

“ಯಾರದು?”

“ನನ್ನದು. ಕಥೆ ಕಟ್ಟಿದ್ದು ನಾನಲ್ಲವೇ?”

ಅವಳು ಯೋಚಿಸಿದಳು. “ಮಾತೆಲ್ಲ ನಮ್ಮವು. ಟೆಂಪೋ ನಮ್ಮ ಮನಿಯವರದು. ಗಂಟಿ ಬಾಯ್‌ದು, ಹೊಡದಾಂವ ಅಜ್ಜ. ನೀವು ಪೆನ್ನು ಕೆಳಗಿಟ್ಟೆ ಅಂತ ನೀವ ಬರದೀರಿ.”

“ಮಳೆ ನನ್ನದು!” ಎಂದೆ.

“ಮಳಿ ನಿಮ್ಮದು,” ಎಂದು ಒಪ್ಪಿಕೊಂಡಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೌಂಟರಿನ ಮೂಲೆಗೆ ಹೋಗಿ, ಗಂಟೆಯ ಹಗ್ಗ ಹಿಡಿದು, ನನ್ನ ಕಡೆ ತಿರುಗಿ ನಿಂತಳು.

“ಹಾಕ್ರಿ ಹೆಸರ. ನೋಡೋಣು,” ಎಂದಳು.